ಫುಟ್‌ಪಾತ್ ಹತ್ತಿದ ಡ್ರೈವರು

ನನ್ನ ಗಂಡ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಸೈಕಲಿನವರನ್ನು ಲೆಕ್ಕಕ್ಕೇ ಇಟ್ಟುಕೊಂಡವರಲ್ಲ. ಮೂಡುಬಿದಿರೆಯಿಂದ ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವ ಖಾಸಗಿ ಸರ್ವಿಸ್ ಬಸ್ಸು ಅವರದು. ನಾನು ಆ ದಾರಿಯಲ್ಲೇ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಡ್ರೈವರಿನ ಹಿಂದಿನ ಸೀಟು ನನಗೆ ಕಾಯಂ. ಅಲ್ಲಿ ಕೂತು ನೋಡಿದ್ದೇನಲ್ಲ, ಮುಂದೆ ಒಂದು ಸೈಕಲು ಕಂಡರೆ ಸಾಕು, ಇವರ ಎಡಗೈ ತಾನಾಗಿ ಹಾರ್ನಿಗೆ ಹೋಗುತ್ತಿತ್ತು. ಬ್ರೇಕಿನ ಮೇಲೆ ಕಾಲು ಹೋಗುತ್ತಿರಲಿಲ್ಲ. ಸೈಕಲಿನವನು ಗಾಬರಿಬಿದ್ದು ಡಾಮರಿನಿಂದ ಕೆಳಗಿಳಿದು, ಮಣ್ಣಿನಲ್ಲಿ ಒಂದು ಕಾಲೂರಿ ನಿಲ್ಲುತ್ತಿದ್ದ. ಬಸ್ಸು ಬುರ್ರೆಂದು ಮುಂದೆ ಹೋಗುತ್ತಿತ್ತು. ಹಿಂದಿನ ಬಸ್ಸಿನವನಿಗಿಂತ ಮೊದಲು ಮುಂದಿನ ಸ್ಟಾಪಿನ ಜನ ಹತ್ತಿಸಿಕೊಳ್ಳಬೇಕಲ್ಲ, ಇವರಿಗೆ ಅದೊಂದೇ ಧ್ಯಾನ.

ಇಷ್ಟೆಲ್ಲ ಅವಸರದವರು ನನ್ನ ಸ್ಟಾಪಿನಲ್ಲಿ ಮಾತ್ರ ನಾನು ಓಡಿ ಬರುವವರೆಗೆ ನಿಲ್ಲುತ್ತಿದ್ದರು. ಕಂಡಕ್ಟರ್ "ರೈಟ್, ಪೋಯಿ" ಎಂದರೂ ಬಸ್ಸು ಹೊರಡುತ್ತಿರಲಿಲ್ಲ. ಮದುವೆಯ ಮಾತು ಬಂದಾಗ ನನ್ನ ಅಪ್ಪನಿಗೆ ನಾನು ಬೇರೇನೂ ವಿವರಿಸಲಿಲ್ಲ, "ಟೈಮಿಂಗ್ ತಪ್ಪಿಸಿ ಕಾಯುವ ಮನುಷ್ಯ" ಎಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನನ್ನು ಕರೆಯುವುದು "ಟೀಚರ್" ಎಂದೇ. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ಓದುವವರಿಗೆ ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾದ ಮರುವರ್ಷ ಇವರೂ ಸ್ಟೇರಿಂಗ್ ಬಿಟ್ಟರು. ಮನೆಯಲ್ಲಿ ಕೂತದ್ದೇ ತಡ, ಸಕ್ಕರೆ ಕಾಯಿಲೆ ಶುರುವಾಯಿತು. "ದಿನಾ ನಡೀರಿ" ಎಂದರು ಡಾಕ್ಟರು. ನಾಲ್ಕು ದಿನ ನನ್ನ ಜೊತೆ ನಡೆದರು. ಕ್ಲಚ್ಚು ಒತ್ತಿ ಒತ್ತಿ ಸವೆದ ಎಡಮಂಡಿ ಐದನೆಯ ದಿನಕ್ಕೆ ಊದಿಕೊಂಡಿತು. ಹಾಗಾದರೆ ಸೈಕಲ್ ತುಳಿಯಿರಿ, ಮಂಡಿಗೆ ಭಾರ ಬೀಳುವುದಿಲ್ಲ ಎಂದು ಡಾಕ್ಟರೇ ದಾರಿ ತೋರಿಸಿದರು. ಇವರು ಮಂಗಳೂರಿಗೆ ಹೋಗಿ ಒಂದು ಗೇರಿನ ಸೈಕಲು ತಂದರು. ಅದರ ಜೊತೆಗೆ ಮೊಟ್ಟೆಯ ಆಕಾರದ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೂಗು ಬಾಯಿ ಮುಚ್ಚುವ ಬಟ್ಟೆ. ಎಲ್ಲ ಹಾಕಿಕೊಂಡು ಅಂಗಳದಲ್ಲಿ ನಿಂತಾಗ ಪಕ್ಕದ ಮನೆಯ ನಾಯಿ, ದಿನಾ ಇವರ ಕೈಯಿಂದ ಬಿಸ್ಕೆಟ್ ತಿನ್ನುವ ನಾಯಿ, ಬೊಗಳಿದ್ದೇ ಬೊಗಳಿದ್ದು.

ನಮ್ಮ ಮೂಡುಬಿದಿರೆಯ ಮುಖ್ಯರಸ್ತೆಗೆ ಫುಟ್‌ಪಾತ್ ಬಂದು ಹೆಚ್ಚು ಸಮಯವಾಗಿಲ್ಲ. ಮೊದಲು ಚರಂಡಿಯ ಮೇಲಿನ ಅಲುಗಾಡುವ ಚಪ್ಪಡಿಗಳೇ ನಮಗೆ ದಾರಿ. ಒಂದು ಮಳೆಗಾಲ ಕಳೆದ ಮೇಲೆ ಆ ಚರಂಡಿಯನ್ನು ಸರಿಯಾಗಿ ಮುಚ್ಚಿ, ಮೇಲೆ ಕೆಂಪು ಬೂದು ಇಂಟರ್‌ಲಾಕ್ ಹಾಸಿದರು. ಅದು ಮುಗಿದ ದಿನದಿಂದ ನಾವು ಮೂವರು ಬೆಳಿಗ್ಗೆ ಅಲ್ಲಿ ನಡೆಯಲು ಹೊರಟೆವು. ನಾನು, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದ ಗೆಳತಿ, ಮತ್ತೆ ನಮ್ಮ ಬೀದಿಯ ಜೈನರ ಮನೆಯ ಅಕ್ಕ.

ಪಿ.ಟಿ. ಟೀಚರಿನ ಸ್ವರ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವಂಥದು. ನಿವೃತ್ತಿಯಾದರೂ ಅದರಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಅಕ್ಕ ಅದಕ್ಕೆ ತದ್ವಿರುದ್ಧ. ಬಟ್ಟೆ ಅಂಗಡಿಯ ಯಜಮಾನಿ, ಗಿರಾಕಿ ಎಷ್ಟು ಸೀರೆ ಬಿಡಿಸಿ ಹಾಕಿಸಿದರೂ ನಗುತ್ತಲೇ ಮಡಚುವವರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಬೇಗ ಮಲಗುತ್ತಾರೆ, ಹಾಗಾಗಿ ಬೆಳಿಗ್ಗೆ ನಮಗಿಂತ ಮೊದಲೇ ತಯಾರಾಗಿ ಗೇಟಿನಲ್ಲಿ ನಿಂತಿರುತ್ತಾರೆ. ಅವರು ಬಸದಿಯ ಕಡೆ ತಿರುಗುವ ಜಾಗದವರೆಗೆ ಮೂವರೂ ಒಟ್ಟಿಗೆ ಹೋಗುವುದು, ಮಾತಾಡುವುದು. ನಡಿಗೆಗಿಂತ ಮಾತೇ ಹೆಚ್ಚಾಗುತ್ತಿತ್ತು ಎಂದು ಇವರು ನಗಾಡುತ್ತಿದ್ದರು.

ಇವರು ನಮಗಿಂತ ಸ್ವಲ್ಪ ಮೊದಲು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ "ಮಿಜಾರಿನ ಕಡೆಗೆ" ಎನ್ನುತ್ತಿದ್ದರು. ರಸ್ತೆಯಲ್ಲೇ ಹೋಗುತ್ತಾರೆ ಎಂದು ನಾನು ಭಾವಿಸಿದ್ದೆ. ಅಷ್ಟು ವರ್ಷ ಆ ರಸ್ತೆಯನ್ನೇ ಆಳಿದ ಮನುಷ್ಯನ ಬಗ್ಗೆ ಬೇರೆ ಯೋಚನೆ ಹೇಗೆ ಬರಬೇಕು?

ಒಂದು ದಿನ ಬೆಳಿಗ್ಗೆ ಅಕ್ಕ ತಮ್ಮ ಅಂಗಡಿಗೆ ಬಂದ ಒಬ್ಬ ಮದುಮಗಳ ಕಥೆ ಹೇಳುತ್ತಿದ್ದರು. ಮೂವರೂ ಸಾಲಾಗಿ ಫುಟ್‌ಪಾತಿನ ತುಂಬ ನಡೆಯುತ್ತಿದ್ದೆವು. ಬೆನ್ನ ಹಿಂದೆಯೇ ಟ್ರಿಣ್ ಎಂದು ಬೆಲ್ಲು ಹೊಡೆಯಿತು. ಅಕ್ಕ ಬೆಚ್ಚಿ ಪಕ್ಕಕ್ಕೆ ಹಾರಿದವರು, ಅಲ್ಲಿ ನಿಲ್ಲಿಸಿದ್ದ ಯಾರದೋ ಸ್ಕೂಟರಿನ ಸೀಟಿನ ಮೇಲೆ ನೇರವಾಗಿ ಕೂತುಬಿಟ್ಟರು. ಹಿಂದೆ ಕೂತು ಪೇಟೆಗೆ ಹೊರಟವರ ಹಾಗೆಯೇ ಕಂಡಿತು. ಒಂದು ಗಳಿಗೆ ನಾನು ನಕ್ಕೇಬಿಟ್ಟೆ. ಅಷ್ಟರಲ್ಲಿ ಸ್ಕೂಟರು ವಾಲಿತು. ಪಿ.ಟಿ. ಟೀಚರ್ ಹಿಡಿದುಕೊಂಡಳು, ಆದರೂ ಅಕ್ಕನ ಕಾಲು ಹೊರಳಿತು, ಗಾಜಿನ ಬಳೆ ಒಡೆದು ಮುಂಗೈಯಲ್ಲಿ ತರಚುಗಾಯವಾಯಿತು.

ಸೈಕಲಿನವನು ನಿಲ್ಲದೆ ಮುಂದೆ ಹೋದ. ಮೊಟ್ಟೆಯ ಆಕಾರದ ಹೆಲ್ಮೆಟ್ಟು. ಎಡ ಭುಜ ಸ್ವಲ್ಪ ತಗ್ಗಿಸಿ ಕೂತ ಬೆನ್ನು. ಆ ಬೆನ್ನನ್ನು ನಾನು ಎಷ್ಟು ವರ್ಷ ಬಸ್ಸಿನಲ್ಲಿ ಎದುರಿಗೇ ನೋಡುತ್ತಾ ಕೂತವಳು! ಯಾರೂ ಹೇಳದಿದ್ದರೂ ನನಗೆ ಗೊತ್ತಾಯಿತು.

"ಯಾರೋ ಕಾಲೇಜಿನ ಹುಡುಗ," ಎಂದಳು ಪಿ.ಟಿ. ಟೀಚರ್. "ಇಡೀ ರಸ್ತೆ ಉಂಟಲ್ಲ ಮಾರಾಯ್ತಿ, ನಡೆಯುವವರ ಜಾಗಕ್ಕೇ ಬರಬೇಕಾ ಅವನಿಗೆ? ಪೊಲೀಸರಿಗೆ ಹೇಳುವ."

"ಪೊಲೀಸರೆಲ್ಲ ಯಾಕೆ," ಎಂದೆ ನಾನು, ಅಕ್ಕನ ಕಾಲು ನೀವುತ್ತಾ.

ಮನೆಗೆ ಬಂದಾಗ ಇವರು ಅಂಗಳದಲ್ಲಿ ಸೈಕಲು ಒರೆಸುತ್ತಿದ್ದರು.

"ಅಕ್ಕನನ್ನು ಬೀಳಿಸಿದಿರಿ ನೀವು," ಎಂದೆ.

"ನಾನು ಮುಟ್ಟಲೇ ಇಲ್ಲ ಟೀಚರ್. ಬೆಲ್ ಮಾಡಿದೆ, ಅವರು ಹಾರಿದ್ರು. ಬಿದ್ದದ್ದು ನಾನು ನೋಡಲೇ ಇಲ್ಲ."

"ಬೆಲ್ ಮಾಡಿದ್ರೆ ಆಯ್ತಾ? ಬಸ್ಸಿನ ಹಾರ್ನಿನ ಬುದ್ಧಿ ಹೋಗಲಿಲ್ವಾ ಇನ್ನೂ? ಕಾಲು ಊದಿದೆ ಅವರದ್ದು, ಕೈಯಲ್ಲಿ ರಕ್ತ ಬಂದಿದೆ."

ಇವರ ಮುಖ ಸಣ್ಣದಾಯಿತು. ಬಟ್ಟೆಯನ್ನು ಹಿಂಡಿ ಹಿಂಡಿ ಮತ್ತೆ ಅದೇ ಚಕ್ರ ಒರೆಸಿದರು.

"ರಸ್ತೆಯಲ್ಲಿ ಯಾಕೆ ಹೋಗುವುದಿಲ್ಲ ನೀವು?"

"ರಸ್ತೆ ಸರಿ ಇಲ್ಲ."

"ಮೊನ್ನೆ ತಾನೇ ಡಾಮರು ಹಾಕಿದ್ದಾರೆ."

ಇನ್ನು ಮುಂದೆ ದೂರದಿಂದಲೇ ಬೆಲ್ ಮಾಡುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದರು. ಫುಟ್‌ಪಾತ್ ಬಿಡುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಮರುದಿನವೂ ಅದರ ಮೇಲೆಯೇ ಹೋದರು. ಅದರ ಮರುದಿನವೂ. ದೂರದಿಂದ ಬೆಲ್ ಮಾಡುವುದೇನೋ ನಿಜ, ಆದರೆ ದೂರದಿಂದ ಶುರುವಾದ ಟ್ರಿಣ್ ಟ್ರಿಣ್ ಹತ್ತಿರ ಬರುವವರೆಗೂ ನಿಲ್ಲುತ್ತಿರಲಿಲ್ಲ. ಹಾಲಿನ ಬೂತಿನ ಮುಂದೆ ನಿಂತವರು, ಮಲ್ಲಿಗೆ ಮಾರುವವರು, ಬಸ್ಸಿಗೆ ಕಾಯುವವರು ಎಲ್ಲರೂ ಬೈಯುತ್ತಾ ಸರಿಯುತ್ತಿದ್ದರು. ಪಿ.ಟಿ. ಟೀಚರಿನ ಸಿಟ್ಟು ದಿನದಿಂದ ದಿನಕ್ಕೆ ಏರಿತು.

ಅಕ್ಕನ ಕಾಲು ಗುಣವಾಗಿ ಮತ್ತೆ ನಡೆಯಲು ಬಂದ ದಿನ ಪಿ.ಟಿ. ಟೀಚರ್ ತನ್ನ ಯೋಜನೆ ಹೇಳಿದಳು. "ಇವತ್ತು ಅವನನ್ನು ನಿಲ್ಲಿಸುವುದೇ. ಮೂವರೂ ಕೈ ಕೈ ಹಿಡಿದು ಅಡ್ಡ ನಿಲ್ಲುವ. ಖೋ ಖೋ ಆಡಿಸಿದವಳು ನಾನು, ಹೇಗೆ ತಪ್ಪಿಸಿಕೊಳ್ತಾನೆ ನೋಡ್ತೇನೆ."

"ಪಾಪ, ಗಾಬರಿಯಲ್ಲಿ ಬಿದ್ರೆ?" ಎಂದರು ಅಕ್ಕ. ಬೀಳಿಸಿದವನ ಬಗ್ಗೆಯೂ ಅವರಿಗೆ ಕನಿಕರ.

"ಬೀಳಲಿ."

ನಾನು ಎಡಗಡೆ ನಿಂತು ಅಕ್ಕನ ಕೈ ಹಿಡಿದೆ. ಮನೆಯಲ್ಲಿ ಹೇಳಿದರೂ ಕೇಳದವರಿಗೆ ಬೀದಿಯಲ್ಲೇ ಹೇಳುವ ಎಂದು ನನಗೂ ಅನಿಸಿತ್ತು. ಸ್ವಲ್ಪ ಹೊತ್ತಿನಲ್ಲಿ ದೂರದ ತಿರುವಿನಲ್ಲಿ ಟ್ರಿಣ್ ಟ್ರಿಣ್ ಕೇಳಿಸಿತು. ಸೈಕಲು ಬಂತು. ನಮ್ಮನ್ನು ಕಂಡು ನಿಧಾನವಾಯಿತು, ಮತ್ತೆ ಬೆಲ್ಲು ಹೊಡೆಯಿತು. ನಾವು ಅಲುಗಾಡಲಿಲ್ಲ. ಎಡಗಡೆ ಅಂಗಡಿಯ ಗೋಡೆ, ಬಲಗಡೆ ರಸ್ತೆ. ಇವರು ಒಮ್ಮೆ ರಸ್ತೆಯ ಕಡೆ ನೋಡಿದರು. ಅದೇ ಹೊತ್ತಿಗೆ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾರ್ನಿನ ಆರ್ಭಟದೊಂದಿಗೆ ಹಾದುಹೋಯಿತು. ಸೈಕಲು ನಮ್ಮ ಮುಂದೆ ಬಂದು ನಿಂತಿತು.

"ಇಳಿ ಕೆಳಗೆ!" ಎಂದು ಪಿ.ಟಿ. ಟೀಚರ್ ಗರ್ಜಿಸಿದಳು. "ನಿನ್ನ ಅಪ್ಪನದ್ದಾ ಈ ಫುಟ್‌ಪಾತ್? ಯಾವ ಕಾಲೇಜು ನಿಂದು?"

ನನಗೆ ತಡೆಯಲಾಗಲಿಲ್ಲ. "ಇಳಿಯಿರಿ ಮಾರ್ರೆ, ಸಾಕು," ಎಂದೆ.

ಮನೆಯಲ್ಲಿ ಊಟಕ್ಕೆ ಕರೆಯುವ ಅದೇ ಧಾಟಿ. ಪಿ.ಟಿ. ಟೀಚರ್ ನನ್ನ ಮುಖ ನೋಡಿದಳು. ಆಮೇಲೆ ಸೈಕಲಿನವರ ಮುಖ ನೋಡಿದಳು. ಇವರು ಕನ್ನಡಕ ತೆಗೆದರು, ಬಾಯಿಗೆ ಕಟ್ಟಿದ ಬಟ್ಟೆ ಕೆಳಗೆ ಎಳೆದರು. ಬಿಳಿ ಮೀಸೆ ಹೊರಗೆ ಬಂತು.

"ಅಯ್ಯೋ ದೇವರೇ," ಎಂದರು ಅಕ್ಕ. "ನಮ್ಮ ಡ್ರೈವರಣ್ಣ!"

ಪಿ.ಟಿ. ಟೀಚರ್ ಯಾವತ್ತೂ ಮಾತಿಗೆ ತಡಕಾಡಿದವಳಲ್ಲ. ಅವತ್ತು ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ಹಾಲಿನ ಬೂತಿನವನು ಗಿರಾಕಿಗೆ ಚಿಲ್ಲರೆ ಕೊಡುವುದು ಬಿಟ್ಟು ಹೊರಗೆ ಬಂದು ನಿಂತ.

"ಅಕ್ಕ, ತಪ್ಪಾಯ್ತು," ಎಂದರು ಇವರು. "ಅವತ್ತೇ ಮನೆಗೆ ಬಂದು ಹೇಳಬೇಕಿತ್ತು. ಮುಖ ತೋರಿಸ್ಲಿಕ್ಕೆ ಆಗಲಿಲ್ಲ."

"ಕಾಲು ಸರಿಯಾಯ್ತಲ್ಲ, ಬಿಡಿ," ಎಂದರು ಅಕ್ಕ. "ಆದ್ರೆ ನೀವು ಯಾಕೆ ಇಲ್ಲಿ? ಅಷ್ಟು ವರ್ಷ ಆ ರಸ್ತೆಯಲ್ಲಿ ಬಸ್ಸು ಬಿಟ್ಟವರು!"

ಇವರು ಸೈಕಲಿನ ಹ್ಯಾಂಡಲಿಗೆ ಒರಗಿ ನಿಂತು ರಸ್ತೆಯ ಕಡೆಗೆ ನೋಡಿದರು.

"ಅದಕ್ಕೇ ಅಕ್ಕ," ಎಂದರು. "ಆ ಬಸ್ಸುಗಳು ಹೇಗೆ ಬರ್ತವೆ ಅಂತ ನನಗೆ ಗೊತ್ತುಂಟು. ಡ್ರೈವರಿನ ತಲೆಯೊಳಗೆ ಎಂತ ಓಡ್ತಾ ಇರ್ತದೆ ಅಂತ ಗೊತ್ತುಂಟು. ಸೈಕಲಿನವನು ಹೇಗೂ ಇಳೀತಾನೆ ಅಂತಲೇ ಅವನು ಬರುವುದು. ನಾನೂ ಹಾಗೆಯೇ ಬಂದವನಲ್ವಾ? ಮೊದಲನೇ ದಿನ ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಫುಟ್‌ಪಾತ್ ಹತ್ತಿದವನು ಮತ್ತೆ ಇಳಿಯಲಿಲ್ಲ. ಹೆದರಿಕೆ ಆಗ್ತದೆ ನನಗೆ."

ಇಷ್ಟು ದಿನ ಆ ಒಂದು ಮಾತು ನನ್ನೆದುರು ಆಡಿರಲಿಲ್ಲ. "ರಸ್ತೆ ಸರಿ ಇಲ್ಲ" ಎಂದದ್ದರ ಅರ್ಥ ನನಗೆ ಆಗ ಹೊಳೆಯಿತು. ನಗುವೂ ಬಂತು, ಪಾಪವೆಂದೂ ಅನಿಸಿತು. ಪಿ.ಟಿ. ಟೀಚರಿಗೆ ಮಾತ್ರ ಸ್ವರ ವಾಪಸು ಬಂದಿತ್ತು.

"ಹೆದರಿಕೆ ಆದ್ರೆ ಹೆದರಿಸುವವರ ಹತ್ತಿರ ಹೋಗಿ ಹೇಳ್ಬೇಕು," ಎಂದಳು. "ನಮ್ಮನ್ನು ಹೆದರಿಸುವುದಲ್ಲ. ಬನ್ನಿ, ಬಸ್‌ಸ್ಟ್ಯಾಂಡಿಗೆ ಹೋಗುವ."

"ಈಗಲಾ?"

"ಈಗಲೇ."

ಹಾಗೆ ನಾವು ಮೂವರು ಹೆಂಗಸರು ಮುಂದೆ, ಸೈಕಲು ತಳ್ಳಿಕೊಂಡು ಇವರು ಹಿಂದೆ, ಬಸ್‌ಸ್ಟ್ಯಾಂಡಿಗೆ ಹೋದೆವು. ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಬಂದ ನಾಲ್ಕೈದು ಡ್ರೈವರುಗಳು ಹೋಟೆಲಿನ ಎದುರು ಬನ್ಸ್ ತಿನ್ನುತ್ತಾ ನಿಂತಿದ್ದರು. ಅವರಲ್ಲಿ ಒಬ್ಬ ಹಿಂದೆ ಇವರ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವನು. ಈಗ ಅದೇ ರೂಟಿನಲ್ಲಿ ಡ್ರೈವರ್. ನನ್ನನ್ನು ಕಂಡು "ಟೀಚರ್, ಶಾಲೆಗಾ?" ಎಂದು ಹಳೆಯ ತಮಾಷೆ ಮಾಡಿದ.

ಇವರು ವಿಷಯ ಹೇಳಿದರು. ಬೆಳಿಗ್ಗೆ ಸೈಕಲಿನವರು ಕಂಡರೆ ಸ್ವಲ್ಪ ನಿಧಾನ ಮಾಡಿ, ಸ್ವಲ್ಪ ಜಾಗ ಬಿಡಿ, ಹತ್ತಿರ ಬಂದ ಮೇಲೆ ಹಾರ್ನ್ ಹಾಕಬೇಡಿ, ಇಷ್ಟೇ. ಮೊದಲು ಎಲ್ಲರೂ ಗಂಭೀರವಾಗಿ ಕೇಳಿದರು. ಆಮೇಲೆ ಆ ಹಳೆಯ ಕಂಡಕ್ಟರು ಜೋರಾಗಿ ನಕ್ಕುಬಿಟ್ಟ.

"ಅಣ್ಣ, ಹಾರ್ನಿನಿಂದ ಕೈ ತೆಗೀಬೇಡ, ಸೈಕಲ್ ತಾನಾಗಿ ಇಳೀತದೆ ಅಂತ ನನಗೆ ಹೇಳಿಕೊಟ್ಟದ್ದು ಯಾರು? ನೀವೇ ಅಲ್ವಾ?"

ಉಳಿದವರೂ ನಕ್ಕರು. ಇವರ ಕಿವಿ ಕೆಂಪಾಯಿತು. "ಹೌದು, ನಾನೇ," ಎಂದರು. "ಆಗ ನಾನು ಸೈಕಲಿನ ಮೇಲೆ ಕೂತಿರಲಿಲ್ಲ."

"ನೀನು ಕೂತಿದ್ದೀಯಾ?" ಎಂದು ಪಿ.ಟಿ. ಟೀಚರ್ ಅವನನ್ನು ಕೇಳಿದಳು. "ಇಲ್ಲಿಂದ ಪೆಟ್ರೋಲ್ ಪಂಪಿನವರೆಗೆ ಹೋಗಿ ಬಾ ನೋಡುವ. ರಸ್ತೆಯಲ್ಲೇ ಹೋಗ್ಬೇಕು, ರಸ್ತೆಯಲ್ಲೇ ಬರ್ಬೇಕು."

ಎಲ್ಲರೂ ಹುರಿದುಂಬಿಸಿದರು. ಅವನಿಗೂ ಹುಮ್ಮಸ್ಸು ಬಂತು. ಅರ್ಧ ತಿಂದ ಬನ್ಸನ್ನು ಗೆಳೆಯನ ಕೈಗೆ ಕೊಟ್ಟು, ಖಾಕಿ ಪ್ಯಾಂಟನ್ನು ಮೇಲಕ್ಕೆ ಮಡಚಿ ಸೈಕಲ್ ಹತ್ತಿದ. ಇವರು ಹೆಲ್ಮೆಟ್ ಕೊಡಹೋದರೆ "ಇಷ್ಟು ದೂರಕ್ಕೆಲ್ಲ ಎಂತಕ್ಕೆ" ಎಂದ. ಇವರು ಬಿಡಲಿಲ್ಲ, ತಾವೇ ಅವನ ತಲೆಗೆ ಹಾಕಿ ಬಕಲ್ ಬಿಗಿದರು.

ಹೋಗುವಾಗ ರಸ್ತೆ ಖಾಲಿಯಿತ್ತು, ಒಂದು ಕೈ ಬಿಟ್ಟು ನಮಗೆ ಟಾಟಾ ಮಾಡಿದ. ತಿರುಗಿ ಬರುವಾಗ ಅವನ ಹಿಂದೆ ಮಂಗಳೂರಿನ ಕಡೆಯ ಎಕ್ಸ್‌ಪ್ರೆಸ್ಸು ಬಂತು. ಅದರ ಡ್ರೈವರಿಗೆ ಮುಂದೆ ಹೋಗುತ್ತಿರುವವನು ತನ್ನದೇ ಗೆಳೆಯ ಎಂದು ಹೇಗೆ ತಿಳಿಯಬೇಕು? ಹಾರ್ನು ಕೂಗಿತು. ನಮ್ಮ ವೀರ ಒಮ್ಮೆ ಹಿಂದೆ ತಿರುಗಿ ನೋಡಿದ. ಸೈಕಲು ಆ ಕಡೆ ಈ ಕಡೆ ಓಲಾಡಿತು. ಮರುಗಳಿಗೆ ಅಂಗಡಿಯೊಂದರ ಎದುರಿನ ಇಳಿಜಾರಿನಲ್ಲಿ ಹತ್ತಿ ಫುಟ್‌ಪಾತಿಗೆ ಬಂದ. ಅಲ್ಲಿಂದ ಬೆಲ್ಲು ಹೊಡೆಯುತ್ತಾ, ಹೂವಿನವಳ ಬುಟ್ಟಿ ತಪ್ಪಿಸಿಕೊಂಡು ನೇರವಾಗಿ ನಮ್ಮ ಕಡೆಗೇ ಬಂದ.

ಪಿ.ಟಿ. ಟೀಚರ್ ಎರಡೂ ಕೈ ಅಗಲಿಸಿ ಎದುರು ನಿಂತಳು. "ಇಳಿ!"

ಇಳಿದ. ಬೆವರು ಹರಿಯುತ್ತಿತ್ತು. "ಎಂತ ಟೀಚರ್, ಜೀವ ಬೇಡ್ವಾ ನನಗೆ?"

ಬಸ್‌ಸ್ಟ್ಯಾಂಡೇ ನಕ್ಕಿತು. ತಿಂಡಿ ಕಟ್ಟುತ್ತಿದ್ದ ಹೋಟೆಲಿನ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇವರೊಬ್ಬರೇ ನಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ಎಷ್ಟು ಹತ್ತಿರದಲ್ಲಿ ಹೋಯ್ತು?"

"ಮೊಣಕೈಗೆ ಗಾಳಿ ತಾಗಿತು ಅಣ್ಣ," ಎಂದ ಅವನು. ಅವನ ನಗುವೂ ನಿಂತಿತ್ತು. "ಬಸ್ಸಿನ ಒಳಗೆ ಕೂತವನಿಗೆ ಇದು ಗೊತ್ತೇ ಆಗುವುದಿಲ್ಲ."

ಅಷ್ಟರಲ್ಲಿ ಆ ಎಕ್ಸ್‌ಪ್ರೆಸ್ಸು ಬಸ್‌ಸ್ಟ್ಯಾಂಡಿನ ಒಳಗೆ ಬಂತು. ಇವನು ಹೆಲ್ಮೆಟ್ ತೆಗೆಯದೆಯೇ ಓಡಿಹೋಗಿ ಡ್ರೈವರಿನ ಬಾಗಿಲು ಬಡಿದ. "ಯಾರಿಗೆ ಹಾರ್ನ್ ಹಾಕಿದ್ದು ಗೊತ್ತುಂಟಾ ನಿನಗೆ? ನೋಡು, ಸರಿ ನೋಡು ಮುಖ!" ಬಸ್ಸಿನವನು ಏನೂ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟ. ಒಳಗಿದ್ದ ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ಆ ದಿನದಿಂದ ಎಲ್ಲ ಬಸ್ಸುಗಳೂ ಸಾಧುವಾದವು ಎಂದು ನಾನು ಬರೆದರೆ ಊರಿನವರು ನಗುತ್ತಾರೆ. ಹೊಸಬರು ಬರುತ್ತಿರುತ್ತಾರೆ, ಟೈಮಿಂಗಿನ ಗಡಿಬಿಡಿ ಇದ್ದೇ ಇರುತ್ತದೆ. ಆದರೆ ನಮ್ಮೂರಿನ ಬಸ್ಸುಗಳು ಬೆಳಿಗ್ಗೆ ಇವರ ಸೈಕಲು ಕಂಡರೆ ನಿಧಾನವಾಗಿ ಜಾಗ ಬಿಟ್ಟು ಹೋಗುತ್ತವೆ. ದೂರದಿಂದ ಒಂದು ಸಣ್ಣ ಹಾರ್ನು, ದಾಟಿದ ಮೇಲೆ ಕಂಡಕ್ಟರು ಬೀಸುವ ಕೈ. ಇವರ ಭಯ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ಆಟೋ ಸ್ಟ್ಯಾಂಡಿನವರೆಗೆ, ಆಮೇಲೆ ಪಂಪಿನವರೆಗೆ, ಹಾಗೆ ಸ್ವಲ್ಪ ಸ್ವಲ್ಪವೇ ರಸ್ತೆಗೆ ಒಗ್ಗಿಕೊಂಡರು. ದಾರಿಯಲ್ಲಿರುವ ಮೋರಿಯ, ಅಂದರೆ ಕಿರುಸೇತುವೆಯ, ಹತ್ತಿರ ರಸ್ತೆ ಬಹಳ ಇಕ್ಕಟ್ಟು. ಎರಡು ಬಸ್ಸು ಎದುರುಬದುರಾದರೆ ಅಲ್ಲಿ ಇರುವೆಗೂ ಜಾಗವಿಲ್ಲ. ಅಲ್ಲಿ ಎಂತ ಮಾಡುವುದು ಎಂದು ಇವರು ಅಕ್ಕನನ್ನೇ ಕೇಳಿದರು.

"ಇಳಿದು ಫುಟ್‌ಪಾತಿನಲ್ಲಿ ತಳ್ಳಿಕೊಂಡು ಬನ್ನಿ," ಎಂದರು ಅಕ್ಕ. "ತಳ್ಳಿಕೊಂಡು ಬಂದ್ರೆ ನೀವೂ ನಮ್ಮ ಹಾಗೆ ನಡೆಯುವವರೇ ಅಲ್ವಾ? ನಾವು ಜಾಗ ಬಿಡ್ತೇವೆ."

ಈಗ ಮೋರಿಯ ಹತ್ತಿರ ಇವರು ಇಳಿದು ಬರುವಾಗ ನಾವು ಮೂವರು ಒಬ್ಬರ ಹಿಂದೆ ಒಬ್ಬರಾಗಿ ಜಾಗ ಬಿಡುತ್ತೇವೆ. ಅಷ್ಟು ದೂರ ನಮ್ಮ ಜೊತೆ ಮಾತಾಡುತ್ತಾ ಬರುತ್ತಾರೆ, ಆಮೇಲೆ ಹತ್ತಿ ಮುಂದೆ ಹೋಗುತ್ತಾರೆ. ಕಾಲೇಜಿನ ಮಕ್ಕಳು ಯಾರಾದರೂ ಫುಟ್‌ಪಾತಿನ ಮೇಲೆ ಸೈಕಲು ಬಿಟ್ಟುಕೊಂಡು ಬಂದರೆ ಪಿ.ಟಿ. ಟೀಚರ್ ಬಾಯಿ ತೆರೆಯುವ ಮೊದಲೇ ಇವರು ತಡೆಯುತ್ತಾರೆ. ಬೈಯುವುದಿಲ್ಲ. "ರಸ್ತೆಗೆ ಹೆದರಿಕೆಯಾ? ನನ್ನ ಹಿಂದೆ ಬಾ," ಎನ್ನುತ್ತಾರೆ. ಕೆಲವರು ನಿಜವಾಗಿಯೂ ಹಿಂದೆ ಹೋಗುತ್ತಾರೆ.

ಕಳೆದ ತಿಂಗಳು ಒಂದು ಭಾನುವಾರ ಇವರು ಬೆಳಿಗ್ಗೆ ಹೋದವರು ತಿಂಡಿಯ ಹೊತ್ತಾದರೂ ಬರಲಿಲ್ಲ. ನೀರುದೋಸೆ ಆರಿ ಹೋಯಿತು. ಫೋನು ಮಾಡಿದರೆ ಎತ್ತಲಿಲ್ಲ. ನಾನು ಗೇಟಿಗೂ ಅಡುಗೆಮನೆಗೂ ಓಡಾಡುತ್ತಿದ್ದಾಗ ವೇಣೂರು ಕಡೆಯಿಂದ ಬಂದ ಬಸ್ಸು ನಮ್ಮ ಮನೆಯ ಎದುರೇ ನಿಂತಿತು. ಅಲ್ಲಿ ಸ್ಟಾಪಿಲ್ಲ. ಹಿಂದಿನ ಬಾಗಿಲಿನಿಂದ ಕಂಡಕ್ಟರು ಸೈಕಲು ಇಳಿಸಿದ, ಮುಂದಿನ ಬಾಗಿಲಿನಿಂದ ಇವರು ಇಳಿದರು, ಕುಂಟುತ್ತಾ.

"ಬಿದ್ರಾ?" ಎಂದು ಓಡಿಹೋದೆ.

"ಇಲ್ಲ ಟೀಚರ್. ಹುರುಪಿನಲ್ಲಿ ವೇಣೂರಿನವರೆಗೆ ಹೋದೆ. ವಾಪಸು ಬರ್ಲಿಕ್ಕೆ ಕಾಲು ಕೇಳಲಿಲ್ಲ. ದಾರಿಯಲ್ಲಿ ಕೂತಿದ್ದೆ, ಇವನೇ ನಿಲ್ಲಿಸಿ ಹತ್ತಿಸಿಕೊಂಡ."

ಡ್ರೈವರಿನ ಸೀಟಿನಿಂದ ಅದೇ ಹಳೆಯ ಕಂಡಕ್ಟರು ಬಾಗಿ ನೋಡಿದ. "ಟೀಚರ್, ನಿಮ್ಮ ಸೀಟಿನಲ್ಲೇ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಹಿಂದಿನಿಂದ 'ಬ್ರೇಕ್ ಹಾಕು, ಬ್ರೇಕ್ ಹಾಕು' ಅಂತ ಬೊಬ್ಬೆ. ನಾಳೆಯಿಂದ ಇವರನ್ನು ಇಷ್ಟು ದೂರ ಬಿಡ್ಬೇಡಿ!"

ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರು. ಹಿಂದೆ ಇನ್ನೊಂದು ಬಸ್ಸು ಬಂದು ಅವಸರದಲ್ಲಿ ಹಾರ್ನು ಹಾಕಿತು. ಇವನು ಕೈ ಬೀಸಿ ಹೊರಟ. ನಾನು ಇವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ದೋಸೆಯ ಕಾವಲಿಯನ್ನು ಮತ್ತೆ ಒಲೆಯ ಮೇಲಿಟ್ಟೆ.